ಕಾಗದದ ಮೇಲೆ ಚದುರಂಗ ಆಡಿಸಿದ ಅಲನ್ ಟ್ಯೂರಿಂಗ್

ಅಲನ್ ಟ್ಯೂರಿಂಗ್ 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಮದ್ರಾಸ್ ಪ್ರಾಂತ್ಯದಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದರು. ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿದ ಟ್ಯೂರಿಂಗ್, ನಿಯಮ ಹಿಡಿದು ಮಾಡಬಹುದಾದ ಯಾವುದೇ ಲೆಕ್ಕವನ್ನು ಒಂದೇ ಯಂತ್ರ ಮಾಡಬಲ್ಲದು ಎಂಬ ವಿಚಾರವನ್ನು 1936ರಲ್ಲಿ ಮಂಡಿಸಿದರು. ಇಂತಹ ನಿಯಮಗಳ ಸರಣಿಯೇ ಅಲ್ಗಾರಿದಮ್. ಆ ಪದ ಬಂದದ್ದು 9ನೇ ಶತಮಾನದ ಬಗ್ದಾದಿನ ಗಣಿತಜ್ಞ ಅಲ್-ಖ್ವಾರಿಜ್ಮಿ ಅವರ ಹೆಸರಿನಿಂದ.

ಎರಡನೇ ಮಹಾಯುದ್ಧದಲ್ಲಿ ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನರ ಎನಿಗ್ಮಾ ಸಂಕೇತಗಳನ್ನು ಒಡೆಯಲು ದುಡಿದರು. ಹ್ಯೂ ಅಲೆಕ್ಸಾಂಡರ್ ಅವರಂಥ ಚದುರಂಗ ಪಟುಗಳು ಅಲ್ಲಿ ಸಹೋದ್ಯೋಗಿಗಳಾಗಿದ್ದರು. ಯಂತ್ರ ಚದುರಂಗ ಆಡಬಲ್ಲದೇ ಎಂಬ ಪ್ರಶ್ನೆ ಟ್ಯೂರಿಂಗ್ ಅವರನ್ನು ಬಿಡಲಿಲ್ಲ. 1948ರಲ್ಲಿ ಗೆಳೆಯ ಡೇವಿಡ್ ಚಾಂಪರ್‌ನೌನ್ ಜೊತೆ ಸೇರಿ ಅದಕ್ಕೆ ನಿಯಮಗಳನ್ನು ರಚಿಸಿದರು.

ಯಾವ ನಡೆ ಸರಿ, ಯಾವುದು ತಪ್ಪು ಎಂಬುದು ನಮಗೆ ನೋಡಿದೊಡನೆ ತಿಳಿಯುತ್ತದೆ. ಯಂತ್ರಕ್ಕೆ ಎಲ್ಲವನ್ನೂ ಹೇಳಿಕೊಡಬೇಕು. ಕುದುರೆ ಎಲ್ಲೆಲ್ಲಿಗೆ ಹಾರಬಹುದು? ಆನೆಗೆ ಎಲ್ಲಿ ಅಡ್ಡಿ ಎದುರಾಗುತ್ತದೆ? ನಡೆದ ಮೇಲೆ ತನ್ನ ರಾಜನಿಗೇ ಚೆಕ್ ಬೀಳುವುದಾದರೆ ಆ ನಡೆಯನ್ನು ಪಟ್ಟಿಯಿಂದ ತೆಗೆಯಬೇಕು. ಆಟದ ಆರಂಭದಲ್ಲಿ ಕಾಲಾಳುಗಳಿಗೆ 16, ಕುದುರೆಗಳಿಗೆ 4, ಒಟ್ಟು 20 ನಡೆಗಳು. ಎದುರಾಳಿಯ ಉತ್ತರವನ್ನೂ ಸೇರಿಸಿದರೆ 400. ಆದ್ದರಿಂದ ಈ ಪಟ್ಟಿ ಬೇಗ ಸಿದ್ಧವಾಗದಿದ್ದರೆ ಮುಂದಾಲೋಚನೆಯೇ ಸಾಧ್ಯವಿಲ್ಲ.

1952ರಲ್ಲಿ ಟ್ಯೂರಿಂಗ್ ತಾವೇ ಕಂಪ್ಯೂಟರ್ ಆಗಿ, ಕಾಗದದ ಮೇಲೆ ಲೆಕ್ಕ ಹಾಕುತ್ತಾ ಅಲಿಕ್ ಗ್ಲೆನಿ ಎಂಬ ಸಹೋದ್ಯೋಗಿಯ ವಿರುದ್ಧ ಆಡಿದರು. ಒಂದೊಂದು ನಡೆಗೂ ಸುಮಾರು ಅರ್ಧ ಗಂಟೆ ಹಿಡಿಯಿತು. 29ನೇ ನಡೆಯಲ್ಲಿ ಸೋಲಾಯಿತು. ಮ್ಯಾಂಚೆಸ್ಟರ್‌ನ ಫೆರಾಂಟಿ ಕಂಪ್ಯೂಟರಿಗೆ ಆ ನಿಯಮಗಳನ್ನು ಅಳವಡಿಸುವ ಕೆಲಸ ಮುಗಿಯಲಿಲ್ಲ. ಅದೇ ಯಂತ್ರದಲ್ಲಿ ಡೀಟ್ರಿಚ್ ಪ್ರಿನ್ಸ್ 1951ರಲ್ಲಿ ಎರಡು ನಡೆಯ ಮಾತಿನ ಸಮಸ್ಯೆಯೊಂದನ್ನು ಬಿಡಿಸಿದ್ದರು. ಕ್ಯಾಸ್ಲಿಂಗ್‌ನಂಥ ನಿಯಮಗಳನ್ನು ಬಿಟ್ಟಿದ್ದರೂ, ಪ್ರತಿ ನಡೆಯನ್ನೂ ಇಟ್ಟು ನೋಡಿ ತೆಗೆಯುವುದರಲ್ಲಿ ಸುಮಾರು 15 ನಿಮಿಷ ಕಳೆಯಿತು.

1952ರಲ್ಲೇ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಅಂದಿನ ಕಾನೂನಿನಡಿ ಟ್ಯೂರಿಂಗ್ ಶಿಕ್ಷೆಗೆ ಗುರಿಯಾದರು. 1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ ತೀರಿಕೊಂಡರು. ದೇಶಕ್ಕಾಗಿ ದುಡಿದವರಿಗೆ ರಾಜಕ್ಷಮೆ ಸಿಕ್ಕಿದ್ದು 2013ರಲ್ಲಿ.

ಇಂದಿನ ಪ್ರೋಗ್ರಾಂಗಳು ಹಲಗೆಯ 64 ಮನೆಗಳನ್ನು 64 ಬಿಟ್‌ಗಳ ಒಂದೇ ಸಂಖ್ಯೆಯಲ್ಲಿ ಇಟ್ಟುಕೊಂಡು, ಒಂದು ಸೆಕೆಂಡಿನಲ್ಲಿ ಲಕ್ಷಾಂತರ ನಡೆಗಳನ್ನು ಪಟ್ಟಿ ಮಾಡುತ್ತವೆ. ಆ ವೇಗದ ಹಿಂದೆ, ಯಂತ್ರ ಸಿದ್ಧವಾಗುವವರೆಗೆ ಕಾಯದೆ ಪೆನ್ಸಿಲ್ ಹಿಡಿದು ಕುಳಿತವರೊಬ್ಬರ ತಾಳ್ಮೆಯಿದೆ. ಲ್ಯಾಬಿನಲ್ಲಿ ಪ್ರೋಗ್ರಾಂ ಬರೆಯುವ ಮೊದಲು ನಾವೂ ಅದನ್ನು ಕಾಗದದ ಮೇಲೆ ಒಮ್ಮೆ ನಡೆಸಿ ನೋಡೋಣ.