ಕಟ್ಟುವ ಕೈಗೆ ಬಂದೂಕು ಕೊಟ್ಟ ಎಂಜಿನಿಯರ್

ಸರ್ಕಾರಿ ಸೇವೆಯಲ್ಲಿದ್ದಾಗ ಕಾಮಗಾರಿಗಳ ಕಡತಗಳು ನನ್ನ ಮೇಜಿಗೂ ಬರುತ್ತಿದ್ದವು. ಎಂಜಿನಿಯರ್ ಬರೆದ ಟಿಪ್ಪಣಿಯ ಕೆಳಗೆ ‘ಚರ್ಚಿಸಿ’ ಎಂದು ಬರೆದು ಹಿಂದಿರುಗಿಸುವ ಅಧಿಕಾರ, ಆ ವಿದ್ಯೆಯ ಗಂಧವೂ ಇಲ್ಲದ ನನಗಿತ್ತು. ನಿವೃತ್ತಿಯ ನಂತರ ಅಮೆರಿಕದ ಅಡ್ಮಿರಲ್ ಬೆನ್ ಮೊರೀಲ್ ಅವರ ಜೀವನವನ್ನು ಓದುವಾಗ ಆ ಕಡತಗಳು ಮತ್ತೆ ಮತ್ತೆ ನೆನಪಾದವು.

1892ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಜನಿಸಿದ ಮೊರೀಲ್, ಸೇಂಟ್ ಲೂಯಿಸ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ 1917ರಲ್ಲಿ ನೌಕಾಪಡೆಯ ಎಂಜಿನಿಯರ್ ವಿಭಾಗ ಸೇರಿದರು. ಕಾಂಕ್ರೀಟ್ ಅವರ ಪರಿಣತಿಯ ವಿಷಯ. 1937ರ ಕೊನೆಗೆ ನೌಕಾನೆಲೆ ಮತ್ತು ಹಡಗುಕಟ್ಟೆಗಳ ನಿರ್ಮಾಣ ಇಲಾಖೆಯ ಮುಖ್ಯಸ್ಥರಾದರು.

ಅಂದು ಪೆಸಿಫಿಕ್ ದ್ವೀಪಗಳಲ್ಲಿ ನೆಲೆಗಳನ್ನು ಕಟ್ಟುತ್ತಿದ್ದವರು ಗುತ್ತಿಗೆದಾರರ ಕೂಲಿಕಾರರು. ಯುದ್ಧ ಬಂದೊಡನೆ ಈ ವ್ಯವಸ್ಥೆ ಕುಸಿಯಿತು. ನಾಗರಿಕನೊಬ್ಬ ಆಯುಧ ಹಿಡಿದು ಸೆರೆ ಸಿಕ್ಕರೆ ಯುದ್ಧಕೈದಿಯ ರಕ್ಷಣೆ ಅವನಿಗೆ ದೊರೆಯುವ ಭರವಸೆಯಿರಲಿಲ್ಲ. ಹಿಡಿಯದಿದ್ದರೂ ಪ್ರಾಣಕ್ಕೆ ಖಾತರಿಯಿರಲಿಲ್ಲ. 1941ರ ಡಿಸೆಂಬರ್ 23ರಂದು ವೇಕ್ ದ್ವೀಪ ಜಪಾನಿನ ವಶವಾದಾಗ ಅಲ್ಲಿ 1,100ಕ್ಕೂ ಹೆಚ್ಚು ನಿರ್ಮಾಣ ಕೆಲಸಗಾರರಿದ್ದರು. ಅವರಲ್ಲಿ ದ್ವೀಪದಲ್ಲೇ ದುಡಿಸಿಕೊಳ್ಳಲು ಉಳಿಸಿಕೊಂಡಿದ್ದ 98 ಮಂದಿಯನ್ನು 1943ರ ಅಕ್ಟೋಬರಿನಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು.

ವೇಕ್ ಬಿದ್ದ ಐದೇ ದಿನಕ್ಕೆ, ಡಿಸೆಂಬರ್ 28ರಂದು, ಸಮವಸ್ತ್ರ ತೊಟ್ಟ ನಿರ್ಮಾಣ ಬೆಟಾಲಿಯನ್‌ಗಳಿಗೆ ಮೊರೀಲ್ ಅನುಮತಿ ಕೋರಿದರು. 1942ರ ಜನವರಿ 5ರಂದು ಒಪ್ಪಿಗೆ ದೊರೆಯಿತು. ಎಂಟು ದಿನ! ನಮ್ಮಲ್ಲಿ ಅಷ್ಟರಲ್ಲಿ ಕಡತಕ್ಕೆ ಸಂಖ್ಯೆ ಬೀಳುತ್ತಿತ್ತು. ನಿಜವಾದ ತೊಡಕು ಬೇರೆಯಿತ್ತು: ಈ ಪಡೆಗೆ ದಂಡನಾಯಕರು ಯಾರು? ನೌಕಾಪಡೆಯ ನಿಯಮದಂತೆ ಸೈನಿಕ ಆಜ್ಞಾಧಿಕಾರವಿದ್ದುದು ಹಡಗು ನಡೆಸುವ ಅಧಿಕಾರಿಗಳಿಗೆ ಮಾತ್ರ. ಎಂಜಿನಿಯರ್ ಸಲಹೆ ಕೊಡಬಹುದಿತ್ತು, ಅಷ್ಟೆ. ಕೆಲಸ ಬಲ್ಲವನೇ ಕೆಲಸಗಾರರಿಗೆ ಆಜ್ಞೆ ನೀಡಬೇಕೆಂಬ ನಿಲುವನ್ನು ಮೊರೀಲ್ ಬಿಡಲಿಲ್ಲ. ಪ್ರಬಲ ವಿರೋಧದ ನಡುವೆಯೂ ನೌಕಾ ಕಾರ್ಯದರ್ಶಿ ಫ್ರಾಂಕ್ ನಾಕ್ಸ್ ಮಾರ್ಚ್ 19ರಂದು ಎಂಜಿನಿಯರುಗಳಿಗೇ ಆ ಅಧಿಕಾರ ಕೊಟ್ಟರು. ನಾನು ಆ ಕಡತವನ್ನು ನೋಡುವ ಸ್ಥಾನದಲ್ಲಿದ್ದಿದ್ದರೆ ಹಾಗೆ ಶಿಫಾರಸು ಮಾಡುತ್ತಿದ್ದೆನೆಂದು ಹೇಳಲಾರೆ.

ಇಂಗ್ಲಿಷಿನ ‘ಸಿ’, ‘ಬಿ’ ಅಕ್ಷರಗಳಿಂದ ಇವರಿಗೆ ‘ಸೀಬೀ’ ಎಂಬ ಹೆಸರು ಬಂತು. ಕಡಲಜೇನು ಎಂಬ ಧ್ವನಿಯೂ ಅದರಲ್ಲಿದೆ. ರೋಡ್ ಐಲೆಂಡಿನ ಡೇವಿಸ್‌ವಿಲ್ ಇವರ ಮುಖ್ಯ ತವರುನೆಲೆಗಳಲ್ಲೊಂದು. ಬಡಗಿಗಳು, ಬೆಸುಗೆಯವರು, ಕ್ರೇನ್ ಚಾಲಕರು, ಮುಳುಗುಗಾರರು ಅಲ್ಲಿಗೆ ಬಂದರು. ಆರಂಭದಲ್ಲಿ ಇವರ ಸರಾಸರಿ ವಯಸ್ಸು 37. ಅರವತ್ತು ದಾಟಿದವರೂ ನುಸುಳಿದ್ದರಂತೆ! ಕಸುಬು ಇವರಿಗೆ ಮೊದಲೇ ಗೊತ್ತಿತ್ತು. ಕಲಿಸಬೇಕಾದದ್ದು ಬಂದೂಕು ಹಿಡಿಯುವುದನ್ನು, ಕವಾಯತನ್ನು. ಅಲ್ಲಿನ ಕ್ಯಾಂಪ್ ಎಂಡಿಕಾಟ್ ಒಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಮಂದಿ ತರಬೇತಿ ಪಡೆದರು. ಅರ್ಧ ಕೊಳವೆಯಾಕಾರದ, ಸುಕ್ಕುತಗಡಿನ ‘ಕ್ವಾನ್ಸೆಟ್’ ಗುಡಿಸಲು 1941ರಲ್ಲಿ ರೂಪುಗೊಂಡದ್ದು ಇದೇ ಪರಿಸರದಲ್ಲಿ. ಬಿಡಿಭಾಗಗಳನ್ನು ಹಡಗಿಗೇರಿಸಿ, ಹವಳದ ದ್ವೀಪಗಳಲ್ಲಿ ಜೋಡಿಸಿ ಆಸ್ಪತ್ರೆ, ಉಗ್ರಾಣ, ವಸತಿಗಳನ್ನು ನಿಲ್ಲಿಸಿದರು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 3,25,000 ಮಂದಿ ಈ ಪಡೆಯಲ್ಲಿ ದುಡಿದಿದ್ದರು.

ನೌಕಾ ಅಕಾಡೆಮಿಯ ಮೆಟ್ಟಿಲು ಹತ್ತದ ಮೊರೀಲ್ 1946ರಲ್ಲಿ ಪೂರ್ಣ ಅಡ್ಮಿರಲ್ ಆದರು. ನಿವೃತ್ತರಾಗಿ ಉಕ್ಕಿನ ಕಂಪನಿಯೊಂದನ್ನು ನಡೆಸಿದರು. ಆಮೇಲೆ ಸರ್ಕಾರದ ವ್ಯಾಪ್ತಿ ಹಿಗ್ಗುವುದರ ವಿರುದ್ಧ ಪ್ರಚಾರಕ್ಕಿಳಿದರು. ಸರ್ಕಾರಿ ಹಣದಿಂದ ಇಷ್ಟು ದೊಡ್ಡ ನಿರ್ಮಾಣ ಪಡೆ ಕಟ್ಟಿದವರ ಈ ನಿಲುವು, ಅರ್ಥಶಾಸ್ತ್ರ ಓದಿದ ನನಗೆ ಇನ್ನೂ ಪೂರ್ತಿ ಅರಗಿಲ್ಲ. 1978ರಲ್ಲಿ ಅವರು ತೀರಿಕೊಂಡರು. ಡೇವಿಸ್‌ವಿಲ್ ನೆಲೆಯನ್ನು 1994ರಲ್ಲಿ ಮುಚ್ಚಲಾಯಿತು.