ಸುವರ್ಣ ನಿಯಮದ ಮೇಯರು ಸಮುವೇಲ ಜೋನ್ಸ್

ಪರ್ವತಪ್ರಸಂಗದಲ್ಲಿರುವ ಒಂದು ಬೋಧನೆಯನ್ನು ಲೋಕದವರು ಸುವರ್ಣ ನಿಯಮವೆಂದು ಕರೆಯುತ್ತಾರೆ. ಪರರು ತನ್ನೊಡನೆ ಹೇಗೆ ನಡೆದರೆ ಮೇಲೆಂದು ಒಬ್ಬನು ಬಯಸುವನೋ ಹಾಗೆಯೇ ಅವನೂ ಪರರೊಡನೆ ನಡೆಯಬೇಕೆಂಬದು ಅದರ ತಾತ್ಪರ್ಯವಾಗಿದೆ. ಆದಿತ್ಯವಾರದ ಶಾಲೆಯ ಚಿಕ್ಕ ಮಕ್ಕಳಿಗೂ ಇದು ಬಾಯಿಪಾಠವಾಗಿರುವದು. ಆದರೆ ದೇವಾಲಯದಲ್ಲಿ ಇದನ್ನು ಒಪ್ಪಿಕೊಳ್ಳುವವರು ಅಂಗಡಿಗೂ ಕಾರ್ಖಾನೆಗೂ ಚುನಾವಣೆಗೂ ಹೋಗುವಾಗ, ಜೋಡುಗಳನ್ನು ಜಗಲಿಯಲ್ಲಿ ಬಿಡುವಂತೆ ಇದನ್ನೂ ಹೊರಗೆ ಬಿಟ್ಟುಹೋಗುವದುಂಟು. ಹಾಗೆ ಬಿಡದೆ ಇದನ್ನು ಕಾರ್ಖಾನೆಯೊಳಕ್ಕೂ ಪಟ್ಟಣದ ಆಡಳಿತದೊಳಕ್ಕೂ ಸಂಸ್ಥಾನದ ರಾಜಕಾರಣದೊಳಕ್ಕೂ ಕೊಂಡೊಯ್ದ ಒಬ್ಬ ಮನುಷ್ಯನ ಚರಿತ್ರೆಯನ್ನು ಈ ಸಾರಿ ವಾಚಕರ ಮುಂದೆ ಇಡುತ್ತೇವೆ. ಅವನು ಅಮೇರಿಕದ ಒಹಾಯೊ ಸಂಸ್ಥಾನದ ಟೊಲೀಡೋ ಪಟ್ಟಣದ ಮೇಯರು, ಅಂದರೆ ಪುರಸಭೆಯ ಮುಖ್ಯಾಧಿಕಾರಿ, ಆಗಿದ್ದ ಸಮುವೇಲ ಜೋನ್ಸನು.

ಸಮುವೇಲನು ೧೮೪೬ನೆಯ ಇಸವಿ ಆಗಸ್ಟ್ ೩ನೆಯ ತಾರೀಕಿನಲ್ಲಿ ವೇಲ್ಸ್ ದೇಶದ ಬೆತ್‌ಗೆಲರ್ಟ್ ಎಂಬ ಹಳ್ಳಿಯ ಸಮೀಪದಲ್ಲಿ ಒಂದು ಬಡ ಕುಟುಂಬದಲ್ಲಿ ಹುಟ್ಟಿದನು. ಅವನಿಗೆ ಮೂರು ವರುಷವಾಗಿದ್ದಾಗ ತಂದೆತಾಯಿಗಳು ಹೊಟ್ಟೆಪಾಡಿಗಾಗಿ ಸ್ವದೇಶವನ್ನು ಬಿಟ್ಟು, ಹಡಗನ್ನೇರಿ, ನ್ಯೂಯಾರ್ಕ್ ಸಂಸ್ಥಾನದ ಒಂದು ಹಳ್ಳಿಯಲ್ಲಿ ನೆಲೆಸಿದರು. ದೇವಭಕ್ತಿಯೂ ಪ್ರಾರ್ಥನೆಯೂ ಆ ಮನೆಯಲ್ಲಿ ಇದ್ದವು. ಹಣವು ಮಾತ್ರ ಇರಲಿಲ್ಲ. ಆದಕಾರಣ ಹುಡುಗನು ಶಾಲೆಯಲ್ಲಿ ಕಳೆದ ಕಾಲವನ್ನೆಲ್ಲಾ ಕೂಡಿಸಿದರೂ ಮೂರು ವರುಷ ತುಂಬಲಿಲ್ಲ. ಚಿಕ್ಕಂದಿನಲ್ಲಿಯೇ ಅವನು ಪರರ ಹೊಲದಲ್ಲಿಯೂ ಮರಕೊಯ್ಯುವ ಕಾರ್ಖಾನೆಯಲ್ಲಿಯೂ ಕೂಲಿಗೆ ದುಡಿದನು. ಬೆಳಗಿನ ಜಾವದಿಂದ ಕತ್ತಲಾಗುವ ತನಕ ಕೆಲಸಮಾಡುವದೆಂದರೆ ಏನೆಂಬದನ್ನು ಅವನು ತನ್ನ ಸ್ವಂತ ಬೆನ್ನಿನಿಂದ ಕಲಿತುಕೊಂಡನು. ಮುಂದೆ ಐಶ್ವರ್ಯವಂತನಾದ ಮೇಲೆಯೂ ಆ ಪಾಠವನ್ನು ಮರೆಯಲಿಲ್ಲ.

ಆ ಕಾಲದಲ್ಲಿ ಪೆನ್ಸಿಲ್ವೇನಿಯ ಸಂಸ್ಥಾನದ ಟೈಟಸ್‌ವಿಲ್ ಎಂಬ ಊರಿನ ಸುತ್ತಲೂ ನೆಲದಿಂದ ಎಣ್ಣೆ ತೆಗೆಯುವ ಉದ್ಯೋಗವು ಹೊಸದಾಗಿ ಆರಂಭವಾಗಿತ್ತು. ೧೮೬೫ನೆಯ ಇಸವಿಯಲ್ಲಿ, ಹತ್ತೊಂಬತ್ತನೆಯ ವಯಸ್ಸಿನ ಸುಮಾರಿಗೆ, ಜೋನ್ಸನು ಬಿಡಿಕಾಸು ಮಾತ್ರ ಕೈಯಲ್ಲಿಟ್ಟುಕೊಂಡು ಅಲ್ಲಿಗೆ ಹೋದನು. ಮೊದಲು ಬಾವಿ ಕೊರೆಯುವ ಕೂಲಿಯವನಾಗಿದ್ದು, ಕ್ರಮೇಣ ತಾನೇ ಬಾವಿಗಳ ಒಡೆಯನಾದನು. ೧೮೭೫ರಲ್ಲಿ ಮದುವೆಯಾದನು. ಆದರೆ ಅವನ ಚಿಕ್ಕ ಮಗಳು ತೀರಿಹೋದಳು. ೧೮೮೫ರಲ್ಲಿ ಹೆಂಡತಿಯೂ ತೀರಿಹೋದಳು. ಈ ದುಃಖದ ತರುವಾಯ ಅವನು ಗಂಡುಮಕ್ಕಳನ್ನು ಕರೆದುಕೊಂಡು, ಆಗ ತಾನೇ ಎಣ್ಣೆ ಕಂಡುಬಂದಿದ್ದ ಒಹಾಯೊ ಸಂಸ್ಥಾನದ ಲೈಮ ಎಂಬ ಊರಿಗೆ ಹೋದನು. ಅಲ್ಲಿ ಕೆಲವರೊಂದಿಗೆ ಕೂಡಿ ಸ್ಥಾಪಿಸಿದ ಎಣ್ಣೆ ಕಂಪೆನಿಯನ್ನು ೧೮೮೯ರಲ್ಲಿ ಸ್ಟಾಂಡರ್ಡ್ ಆಯಿಲ್ ಎಂಬ ದೊಡ್ಡ ಕಂಪೆನಿಯು ಕೊಂಡುಕೊಂಡಿತು. ಹೀಗೆ ಜೋನ್ಸನು ಧನಿಕನಾದನು. ೧೮೯೨ರಲ್ಲಿ ಅವನು ಟೊಲೀಡೋ ಪಟ್ಟಣದ ಹೆಲೆನ್ ಬೀಚ್ ಎಂಬಾಕೆಯನ್ನು ಮದುವೆಯಾಗಿ ಆ ಪಟ್ಟಣದಲ್ಲಿಯೇ ವಾಸಮಾಡಿದನು. ಬಾವಿಯ ಆಳದಿಂದ ಎಣ್ಣೆಯನ್ನು ಮೇಲಕ್ಕೆಳೆಯುವ ಪಂಪಿನ ಸರಳನ್ನು ಅವನು ಸುಧಾರಿಸಿ, ೧೮೯೪ರಲ್ಲಿ ಅದನ್ನು ತಯಾರಿಸುವ ಒಂದು ಕಾರ್ಖಾನೆಯನ್ನು ಅಲ್ಲಿ ತೆರೆದನು.

ಅದು ಕಷ್ಟದ ಕಾಲವಾಗಿತ್ತು. ೧೮೯೩ರಲ್ಲಿ ಅಮೇರಿಕದಲ್ಲೆಲ್ಲಾ ಬ್ಯಾಂಕುಗಳು ಮುರಿದುಬಿದ್ದು, ಕಾರ್ಖಾನೆಗಳು ಮುಚ್ಚಿ, ಲಕ್ಷಾಂತರ ಜನರು ಕೆಲಸವಿಲ್ಲದೆ ಅಲೆಯುತ್ತಿದ್ದರು. ದುಡಿಯಲು ಮನಸ್ಸೂ ಬಲವೂ ಇದ್ದ ಗಂಡಸರು ಜೋನ್ಸನ ಬಾಗಿಲಿಗೆ ಬಂದು ಕೆಲಸಕ್ಕಾಗಿ ಅಂಗಲಾಚುವದನ್ನು ಕಂಡು ಅವನ ಮನಸ್ಸು ಕಲಕಿತು. ಇಂಥ ಸಮಯದಲ್ಲಿ ಕೂಲಿಯನ್ನು ತಗ್ಗಿಸುವದು ಇತರ ಯಜಮಾನರ ಪದ್ಧತಿಯಾಗಿತ್ತು. ಯಾಕಂದರೆ ಹಸಿದವನು ಎಷ್ಟು ಕೊಟ್ಟರೂ ಒಪ್ಪುವನು. ಜೋನ್ಸನು ಹಾಗೆ ಮಾಡಲಿಲ್ಲ. ಇತರ ಕಾರ್ಖಾನೆಗಳ ಗೋಡೆಗಳಲ್ಲಿ ಕೆಲಸಗಾರರು ಮಾಡಬಾರದ ಕಾರ್ಯಗಳ ಉದ್ದವಾದ ಪಟ್ಟಿಗಳು ತೂಗುತ್ತಿದ್ದವು. ಇವನ ಕಾರ್ಖಾನೆಯ ಗೋಡೆಯಲ್ಲಿ ಸುವರ್ಣ ನಿಯಮವನ್ನು ಬರೆದ ಒಂದೇ ಹಲಗೆ ಇತ್ತು. ಹಲಗೆಯನ್ನು ತೂಗಹಾಕುವದು ಸುಲಭ. ಅದರಂತೆ ನಡೆಯಬೇಕಾದವನು ಮೊದಲು ಯಜಮಾನನೇ ಎಂದು ಅವನು ತಿಳಿದುಕೊಂಡನು. ಹತ್ತು ತಾಸಿನ ದುಡಿಮೆಗೆ ಬದಲಾಗಿ ಎಂಟು ತಾಸನ್ನು ಗೊತ್ತುಮಾಡಿದನು; ಊರ ವಾಡಿಕೆಗಿಂತ ಹೆಚ್ಚು ಕೂಲಿ ಕೊಟ್ಟನು; ವರುಷಕ್ಕೊಮ್ಮೆ ಕೂಲಿಸಮೇತ ಒಂದು ವಾರದ ರಜೆಯನ್ನೂ ಕ್ರಿಸ್ಮಸಿಗೆ ಇನಾಮನ್ನೂ ಕೊಟ್ಟನು; ಕಾರ್ಖಾನೆಯ ಪಕ್ಕದಲ್ಲಿ ಎಲ್ಲರಿಗೂ ತೆರೆದ ಒಂದು ಉದ್ಯಾನವನ್ನೂ ಸಭಾಮಂದಿರವನ್ನೂ ಮಾಡಿಸಿದನು. ಹೀಗೆ ಮಾಡುವವನು ಬೇಗನೆ ದಿವಾಳಿಯಾಗುವನೆಂದು ಹೇಳಿದವರುಂಟು. ಆದರೆ ಕಾರ್ಖಾನೆಯು ಲಾಭದಲ್ಲಿಯೇ ನಡೆಯಿತು. ಜನರು ಅವನಿಗೆ ಸುವರ್ಣ ನಿಯಮದ ಜೋನ್ಸನೆಂದು ಹೆಸರಿಟ್ಟರು.

೧೮೯೭ರಲ್ಲಿ ಟೊಲೀಡೋ ಪಟ್ಟಣದ ರಿಪಬ್ಲಿಕನ್ ಪಕ್ಷದವರು ಮೇಯರ ಸ್ಥಾನಕ್ಕೆ ಯಾರನ್ನು ನಿಲ್ಲಿಸಬೇಕೆಂಬದರಲ್ಲಿ ಒಮ್ಮತಕ್ಕೆ ಬಾರದೆ ಹೋದರು. ರಾಜಕಾರಣದಲ್ಲಿ ಹೆಸರಿಲ್ಲದ ಜೋನ್ಸನನ್ನು ನಿಲ್ಲಿಸಿದರೆ ಜಗಳವೂ ತೀರುವದು, ಕೂಲಿಯವರ ಮತಗಳೂ ದೊರೆಯುವವು, ತಮ್ಮ ಮಾತೂ ನಡೆಯುವದು ಎಂದು ಎಣಿಸಿ ಅವನನ್ನು ಆರಿಸಿದರು. ಅವನು ಸ್ವಲ್ಪವೇ ಅಂತರದಿಂದ ಗೆದ್ದನು. ಆದರೆ ಪಕ್ಷದ ಯಜಮಾನರ ಮಾತು ಅವನಲ್ಲಿ ನಡೆಯಲಿಲ್ಲ. ಕಾರ್ಖಾನೆಯಲ್ಲಿ ಸರಿಯಾದದ್ದು ಪಟ್ಟಣಕ್ಕೂ ಸರಿ ಎಂಬದು ಅವನ ನಂಬಿಕೆಯಾಗಿತ್ತು. ನೀರಿನ ಇಲಾಖೆಯ ಕೆಲಸಗಾರರಿಗೂ ಪೋಲೀಸರಿಗೂ ಎಂಟು ತಾಸಿನ ದಿನವನ್ನು ಗೊತ್ತುಮಾಡಿದನು. ಚಿಕ್ಕ ಮಕ್ಕಳಿಗೆ ಶಿಶುವಿಹಾರಗಳನ್ನೂ ಬಡವರ ಮಕ್ಕಳಿಗೆ ಆಟದ ಬೈಲುಗಳನ್ನೂ ತೆರೆಯಿಸಿದನು. ಉದ್ಯಾನಗಳಲ್ಲಿ ಕಾಸಿಲ್ಲದೆ ಸಂಗೀತ ಕೇಳುವ ಏರ್ಪಾಡು ಮಾಡಿದನು. ಪೋಲೀಸರ ಕೈಯಲ್ಲಿದ್ದ ದಪ್ಪ ದೊಣ್ಣೆಗಳನ್ನು ತೆಗೆಸಿ ಹಗುರವಾದ ಬೆತ್ತಗಳನ್ನು ಕೊಡಿಸಿದನು. ಟ್ರಾಮ್ ಗಾಡಿಯ ಕಂಪೆನಿಯು ಪಟ್ಟಣದ ಬೀದಿಗಳನ್ನು ಇನ್ನೂ ಬಹುಕಾಲ ತನ್ನ ವಶದಲ್ಲಿಟ್ಟುಕೊಳ್ಳಲು ಅಪ್ಪಣೆ ಕೇಳಿದಾಗ, ಬೀದಿಗಳು ಎಲ್ಲಾ ಜನರ ಸೊತ್ತೆಂದು ಹೇಳಿ ತನ್ನ ಅಧಿಕಾರದಿಂದ ಅದನ್ನು ತಡೆದನು. ತನ್ನ ಸಂಬಳವನ್ನು ಬಡವರಿಗೆ ಹಂಚಿದನು.

ಪೋಲೀಸು ನ್ಯಾಯಾಧಿಪತಿಯು ಇಲ್ಲದ ದಿನಗಳಲ್ಲಿ ಅವನ ಪೀಠದಲ್ಲಿ ಮೇಯರು ಕೂಡ್ರಬಹುದೆಂದು ಆಗಿನ ಕಾನೂನು ಇತ್ತು. ಜೋನ್ಸನು ಅಲ್ಲಿ ಕೂತಾಗ, ನೆಲೆಯಿಲ್ಲದೆ ಅಲೆಯುವವರನ್ನೂ ಕುಡುಕರನ್ನೂ ಕೆಟ್ಟುಹೋದ ಸ್ತ್ರೀಯರನ್ನೂ ಶಿಕ್ಷಿಸದೆ ಬುದ್ಧಿ ಹೇಳಿ ಬಿಟ್ಟುಬಿಡುತ್ತಿದ್ದನು. ಐಶ್ವರ್ಯವಂತರು ಅದೇ ತಪ್ಪನ್ನು ಮಾಡಿದರೆ ಯಾರೂ ಅವರನ್ನು ಹಿಡಿಯರೆಂಬದೂ ಬಡವನಿಗೆ ಜುಲ್ಮಾನೆ ವಿಧಿಸಿದರೆ ಅವನ ಹೆಂಡತಿಮಕ್ಕಳೇ ಹಸಿಯುವರೆಂಬದೂ ಅವನ ವಾದವಾಗಿತ್ತು.

ಈ ವಿಷಯದಲ್ಲಿಯೇ ಅವನಿಗೆ ದೊಡ್ಡ ವಿರೋಧ ಬಂತು. ಅದು ಬಂದದ್ದು ದೇವಾಲಯಗಳ ಕಡೆಯಿಂದ. ಊರಿನ ಸಭಾಪಾಲಕರಲ್ಲಿ ಅನೇಕರು ಸೆರೆಯಂಗಡಿಗಳನ್ನು ಪೋಲೀಸರಿಂದ ಮುಚ್ಚಿಸಬೇಕೆಂದು ಅವನನ್ನು ಒತ್ತಾಯಪಡಿಸಿದರು. ಬಲಾತ್ಕಾರದಿಂದ ಯಾರೂ ಒಳ್ಳೆಯವರಾಗುವದಿಲ್ಲ, ಧನಿಕರ ಕ್ಲಬ್ಬುಗಳಲ್ಲಿ ಕುಡಿತವು ನಡೆಯುತ್ತಿರುವಾಗ ಬಡವನ ಅಂಗಡಿಯನ್ನು ಮಾತ್ರ ಮುಚ್ಚುವದು ನ್ಯಾಯವಲ್ಲ ಎಂದು ಅವನು ಒಪ್ಪಲಿಲ್ಲ. ಕುಡಿತದಿಂದ ಮನೆಗಳು ಹಾಳಾದದ್ದನ್ನು ಕಣ್ಣಾರೆ ಕಂಡಿರುವ ನಮ್ಮ ವಾಚಕರಲ್ಲಿ ಬಹುಮಂದಿ ಈ ಮಾತಿಗೆ ಸಮ್ಮತಿಸಲಾರರು. ಆ ಸಭಾಪಾಲಕರೂ ದುರ್ಬುದ್ಧಿಯಿಂದ ಹಾಗೆ ಕೇಳಿದವರಲ್ಲ. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ಅದೇ ಪಟ್ಟಣದಲ್ಲಿ ಕೂಲಿಯವನ ಹೊಟ್ಟೆಗೆ ಸಾಲದ ಸಂಬಳವೂ ಬೀದಿಗಳನ್ನು ನುಂಗಬೇಕೆಂದಿದ್ದ ಕಂಪೆನಿಯೂ ಇದ್ದವು. ಸೆರೆಯಂಗಡಿಯ ವಿಷಯದಲ್ಲಿ ಎದ್ದಷ್ಟು ಕೂಗು ಇವುಗಳ ವಿಷಯದಲ್ಲಿ ಪ್ರಸಂಗಪೀಠಗಳಿಂದ ಏಳಲಿಲ್ಲವೆಂಬದು ಜೋನ್ಸನ ಮನಸ್ಸಿಗೆ ನೋವನ್ನುಂಟುಮಾಡಿತು.

೧೮೯೯ರಲ್ಲಿ ಪಕ್ಷದವರು ಅವನನ್ನು ಪುನಃ ನಿಲ್ಲಿಸಲು ನಿರಾಕರಿಸಿದರು. ಅವನು ಯಾವ ಪಕ್ಷದ ಹೆಸರೂ ಇಲ್ಲದೆ ಸ್ವತಂತ್ರನಾಗಿ ನಿಂತನು. ಪಕ್ಷದ ಯಜಮಾನರೂ ಹಣವಂತರೂ ಅವನಿಗೆ ವಿರೋಧವಾಗಿದ್ದರು. ಅವನಾದರೋ ಬೀದಿಯ ಮೂಲೆಗಳಲ್ಲಿಯೂ ಕಾರ್ಖಾನೆಯ ಬಾಗಿಲುಗಳಲ್ಲಿಯೂ ನಿಂತು ಜನರೊಡನೆ ಮಾತಾಡಿದನು. ನೂರಕ್ಕೆ ಸುಮಾರು ೭೦ ಮತಗಳು ಅವನಿಗೆ ಬಿದ್ದವು. ಅಂದಿನಿಂದ ಅವನು ಪಕ್ಷಗಳನ್ನೇ ತೊರೆದನು. ಒಳ್ಳೆಯ ಕಾರ್ಯವನ್ನು ಎದುರು ಪಕ್ಷದವನು ಮಾಡಿದನೆಂಬ ಕಾರಣದಿಂದಲೇ ಮನುಷ್ಯನು ಅದನ್ನು ಹಳಿಯುವಂತೆ ಪಕ್ಷಾಭಿಮಾನವು ಮಾಡುತ್ತದೆ ಎಂದು ಅವನು ತಿಳಿಯುತ್ತಿದ್ದನು.

ಅದೇ ವರುಷ ಅವನು ಇಡೀ ಒಹಾಯೊ ಸಂಸ್ಥಾನದ ಗವರ್ನರ ಸ್ಥಾನಕ್ಕೆ ಸ್ವತಂತ್ರನಾಗಿ ನಿಂತನು. ಅಲ್ಲಿ ಸೋತನು. ೧,೦೬,೦೦೦ಕ್ಕಿಂತ ಹೆಚ್ಚು ಜನರು ಅವನಿಗೆ ಮತ ಕೊಟ್ಟರೂ ಎರಡು ದೊಡ್ಡ ಪಕ್ಷಗಳ ಅಭ್ಯರ್ಥಿಗಳ ಹಿಂದೆ ಮೂರನೆಯವನಾದನು. ಅವನನ್ನು ಬೀದಿಯಲ್ಲಿ ನಿತ್ಯವೂ ಕಂಡಿದ್ದ ಟೊಲೀಡೋ ಸೀಮೆಯೂ ಕ್ಲೀವ್‌ಲೆಂಡ್ ಪಟ್ಟಣವಿರುವ ಸೀಮೆಯೂ ಅವನ ಪಕ್ಷವಾಗಿದ್ದವು. ಅವನ ಮುಖವನ್ನು ಕಾಣದ ದೂರದ ಹಳ್ಳಿಗಳವರು ತಮ್ಮ ಹಳೆಯ ಪಕ್ಷಗಳನ್ನೇ ಹಿಡಿದುಕೊಂಡರು. ಒಬ್ಬನ ಸದ್ಗುಣವು ಊರನ್ನು ಗೆಲ್ಲಬಹುದು. ಸಂಸ್ಥಾನವನ್ನು ಗೆಲ್ಲಬೇಕಾದರೆ ಪ್ರತಿಯೊಂದು ಊರಿನಲ್ಲಿಯೂ ಕೆಲಸಮಾಡುವವರು ಬೇಕು ಎಂಬದು ಇದರಿಂದ ತಿಳಿದುಬರುತ್ತದೆ.

ಟೊಲೀಡೋ ಪಟ್ಟಣದವರು ೧೯೦೧ರಲ್ಲಿಯೂ ೧೯೦೩ರಲ್ಲಿಯೂ ಅವನನ್ನೇ ಮೇಯರನಾಗಿ ಆರಿಸಿಕೊಂಡರು. ಊರಿನಲ್ಲಿ ಅವನನ್ನು ಸೋಲಿಸಲಾರದ ವಿರೋಧಿಗಳು ಸಂಸ್ಥಾನದ ಶಾಸನಸಭೆಯ ಮೊರೆಹೊಕ್ಕರು. ಮೇಯರು ನ್ಯಾಯಪೀಠದಲ್ಲಿ ಕೂಡ್ರುವ ಅಧಿಕಾರವನ್ನು ಶಾಸನಸಭೆಯವರು ತೆಗೆದುಹಾಕಿದರು. ೧೯೦೨ರಲ್ಲಿ ಟೊಲೀಡೋ ಪಟ್ಟಣದ ಪೋಲೀಸರನ್ನು ಮೇಯರ ಕೈಯಿಂದ ತೆಗೆದು, ಗವರ್ನರನು ನೇಮಿಸುವ ಮಂಡಲಿಗೆ ಒಪ್ಪಿಸುವ ಕಾನೂನನ್ನು ಮಾಡಿದರು. ಜೋನ್ಸನು ಅಧಿಕಾರವನ್ನು ಬಿಟ್ಟುಕೊಡಲಿಲ್ಲ. ಜನರು ಆರಿಸಿದವರೇ ಊರನ್ನು ನೋಡಿಕೊಳ್ಳಬೇಕೆಂದು ಸಂಸ್ಥಾನದ ಶ್ರೇಷ್ಠ ನ್ಯಾಯಸ್ಥಾನದಲ್ಲಿ ವ್ಯಾಜ್ಯ ನಡಿಸಿದನು. ಕಾನೂನುಗಳು ಸಂಸ್ಥಾನದಲ್ಲೆಲ್ಲಾ ಸಮವಾಗಿ ನಡೆಯಬೇಕೆಂದು ಒಹಾಯೊ ಸಂವಿಧಾನದಲ್ಲಿ ಬರೆದಿತ್ತು. ಆದರೂ ಶಾಸನಸಭೆಯವರು ಜನಸಂಖ್ಯೆಯ ನೆವದಿಂದ ಪಟ್ಟಣಗಳನ್ನು ವರ್ಗಗಳಾಗಿ ವಿಭಾಗಿಸಿ, ಒಂದೇ ಪಟ್ಟಣಕ್ಕೆ ತಗಲುವ ಕಾನೂನುಗಳನ್ನು ಮಾಡುತ್ತಿದ್ದರು. ಇದು ಸಲ್ಲದೆಂದು ನ್ಯಾಯಸ್ಥಾನವು ತೀರ್ಪುಕೊಟ್ಟಿತು. ಹೀಗೆ ಒಂದು ಊರಿನ ವ್ಯಾಜ್ಯದಿಂದ ಸಂಸ್ಥಾನದ ಎಲ್ಲಾ ಪಟ್ಟಣಗಳ ಆಡಳಿತದ ಕಾನೂನನ್ನು ಹೊಸದಾಗಿ ಬರೆಯಬೇಕಾಯಿತು.

ಜೋನ್ಸನಿಗೆ ಬಹುಕಾಲದಿಂದ ಉಬ್ಬಸ ರೋಗವಿತ್ತು. ೧೯೦೪ನೆಯ ಇಸವಿ ಜುಲೈ ೧೨ನೆಯ ತಾರೀಕಿನಲ್ಲಿ, ಮೇಯರ ಪದವಿಯಲ್ಲಿರುವಾಗಲೇ, ತನ್ನ ೫೭ನೆಯ ವಯಸ್ಸಿನಲ್ಲಿ ಅವನು ತೀರಿಹೋದನು. ಸಾವಿರಾರು ಜನರು ಶವಸಂಸ್ಕಾರಕ್ಕೆ ಕೂಡಿಬಂದರು. ಧನಿಕರೂ ಕೂಲಿಯವರೂ, ಹಿಂದೆ ಅವನು ನ್ಯಾಯಪೀಠದಿಂದ ಬಿಟ್ಟುಕಳುಹಿಸಿದ್ದವರೂ ಅವರಲ್ಲಿದ್ದರು.

ಅವನ ಕೆಲಸವು ಅವನೊಂದಿಗೆ ಸಮಾಧಿಯಾಗಲಿಲ್ಲ. ಅವನ ಸ್ನೇಹಿತನಾದ ವಕೀಲ ಬ್ರಾಂಡ್ ವಿಟ್‌ಲಾಕನು ೧೯೦೫ರಲ್ಲಿ ಸ್ವತಂತ್ರನಾಗಿ ನಿಂತು ಮೇಯರನಾಗಿ, ನಾಲ್ಕು ಚುನಾವಣೆಗಳಲ್ಲಿ ಗೆದ್ದು ಅದೇ ದಾರಿಯಲ್ಲಿ ನಡೆದನು. ೧೯೧೨ರಲ್ಲಿ ಒಹಾಯೊ ಸಂಸ್ಥಾನದವರು ಸಂವಿಧಾನವನ್ನು ತಿದ್ದುವದಕ್ಕೆ ಒಂದು ಮಹಾಸಭೆಯನ್ನು ಕೂಡಿಸಿದರು. ಸಿನ್ಸಿನಾಟಿ ಪಟ್ಟಣದ ಸಭಾಪಾಲಕನಾದ ಹರ್ಬರ್ಟ್ ಬಿಗೆಲೋ ಎಂಬವನು ಅದಕ್ಕೆ ಅಧ್ಯಕ್ಷನಾಗಿದ್ದನು. ಹಿಂದೆ ಜೋನ್ಸನನ್ನು ವಿರೋಧಿಸಿದವರಲ್ಲಿ ಬೋಧಕರು ಇದ್ದಂತೆಯೇ, ಈಗ ಜನರ ಹಕ್ಕನ್ನು ಮುಂದೆ ತಂದವರಲ್ಲಿಯೂ ಒಬ್ಬ ಬೋಧಕನಿದ್ದನು. ಪಟ್ಟಣಗಳು ತಮ್ಮ ಆಡಳಿತವನ್ನು ತಾವೇ ಗೊತ್ತುಮಾಡಿಕೊಳ್ಳುವ ಹಕ್ಕೂ, ಪ್ರಜೆಗಳೇ ಕಾನೂನನ್ನು ಸೂಚಿಸುವ ಮತ್ತು ಶಾಸನಸಭೆಯ ಕಾನೂನನ್ನು ಮತಕ್ಕೆ ಹಾಕಿ ತಳ್ಳಿಬಿಡುವ ಹಕ್ಕೂ ಆ ವರುಷ ಮತದಾರರ ಒಪ್ಪಿಗೆಯಿಂದ ಸಂವಿಧಾನದಲ್ಲಿ ಸೇರಿದವು. ಜೋನ್ಸನು ಸೋತ ಸಂಸ್ಥಾನದಲ್ಲಿಯೇ, ಅವನು ಸತ್ತು ಎಂಟು ವರುಷಗಳಾದ ಮೇಲೆ, ಅವನು ಬಿತ್ತಿದ ಬೆಳೆಯ ಒಂದು ಭಾಗವು ಕೊಯ್ಲಿಗೆ ಬಂತು.

ಪ್ರಿಯ ವಾಚಕರೇ, ಇದು ದೂರದೇಶದ ಕಥೆ, ದೊಡ್ಡ ಪಟ್ಟಣದ ಕಥೆ. ಹೊಲಗದ್ದೆಗಳಲ್ಲಿ ದುಡಿಯುವ ನಮಗೆ ಇದರಿಂದೇನು ಎಂದು ಕೇಳಬೇಡಿರಿ. ನಮ್ಮ ಕರ್ನಾಟಕದ ಗ್ರಾಮ ಪಂಚಾಯತಿಗಳ ಚುನಾವಣೆಗಳು ಪಕ್ಷಗಳ ಚಿಹ್ನೆಯಿಲ್ಲದೆಯೇ ನಡೆಯತಕ್ಕವು. ಜೋನ್ಸನು ಹೋರಾಡಿ ಪಡೆದ ಸ್ಥಿತಿಯು ಕಾನೂನಿನ ಅಕ್ಷರದಲ್ಲಿ ನಮಗೆ ದೊರೆತಿದೆ. ಆದರೆ ಚಿಹ್ನೆಯಿಲ್ಲದ ಚೀಟಿಯನ್ನು ಕೈಯಲ್ಲಿ ಹಿಡಿದೂ, ಜಾತಿಯನ್ನು ನೋಡಿ, ನೆಂಟಸ್ತನವನ್ನು ನೋಡಿ, ಸಾಲ ಕೊಟ್ಟವನ ಮುಖವನ್ನು ನೋಡಿ ಮತ ಹಾಕುವದುಂಟು. ನಮ್ಮ ಸಭೆಯವನೆಂಬ ಒಂದೇ ಕಾರಣದಿಂದ ಅಯೋಗ್ಯನಿಗೆ ಮತ ಹಾಕುವದೂ ಇದಕ್ಕಿಂತ ಮೇಲಲ್ಲ. ಊರ ಕೊನೆಯ ಕೇರಿಯ ಕೊಳಾಯಿಗೆ ನೀರು ಬರುವದೋ, ಕೂಲಿಯವಳ ಕೂಲಿಯು ಅವಳ ಕೈಗೆ ಪೂರ್ತಿಯಾಗಿ ಸೇರುವದೋ ಎಂದು ಕೇಳುವವನು ಸುವರ್ಣ ನಿಯಮವನ್ನು ಪಂಚಾಯತಿಯ ಕಟ್ಟೆಗೆ ತಂದವನಾಗಿದ್ದಾನೆ. ಮೂರು ವರುಷವೂ ಶಾಲೆಗೆ ಹೋಗದ ಒಬ್ಬ ಕೂಲಿಯ ಹುಡುಗನು ಅಷ್ಟು ಮಾಡಿದನು. ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಆ ಎರಡು ಪ್ರಶ್ನೆಗಳನ್ನು ಕೇಳುವದಕ್ಕೆ ನಮ್ಮಲ್ಲಿ ಯಾರಿಗೂ ಅದಕ್ಕಿಂತ ಹೆಚ್ಚಿನ ಓದು ಬೇಕಾಗಿಲ್ಲ.