ನಾಯಕತ್ವ ಸಿಗದ ಬೌಲರ್: ಧಾರವಾಡದಲ್ಲಿ ಹುಟ್ಟಿದ ಪಲ್ವಾಂಕರ್ ಬಾಲೂ

ಭಾರತದ ಮೊದಲ ಶ್ರೇಷ್ಠ ಬೌಲರ್ ಎಂದು ಕ್ರಿಕೆಟ್ ಇತಿಹಾಸಕಾರರು ಗುರುತಿಸುವ ಪಲ್ವಾಂಕರ್ ಬಾಲೂ ಜನಿಸಿದ್ದು 1876ರಲ್ಲಿ, ಧಾರವಾಡದಲ್ಲಿ. ಆದರೂ ಕನ್ನಡ ನಾಡಿನ ಕ್ರೀಡಾ ಸಾಧಕರನ್ನು ನೆನೆಯುವಾಗ ಅವರ ಹೆಸರು ಕೇಳಿಬರುವುದು ಅಪರೂಪ. ಅವರ ಬದುಕು ಅರಳಿದ್ದು ಪುಣೆ ಮತ್ತು ಮುಂಬಯಿಗಳಲ್ಲಿ ಎಂಬುದು ಅದಕ್ಕೊಂದು ಕಾರಣವಿರಬಹುದು.

ಚರ್ಮಕಾರ ಸಮುದಾಯಕ್ಕೆ ಸೇರಿದ ಬಾಲೂ ಅವರ ತಂದೆ ಪುಣೆಯಲ್ಲಿ ಸೈನ್ಯದ ಸೇವೆಯಲ್ಲಿದ್ದರು. ಅಧಿಕಾರಿಗಳು ಬಳಸಿ ಬಿಸುಟ ಬ್ಯಾಟು, ಚೆಂಡುಗಳಲ್ಲೇ ಬಾಲೂ ಮತ್ತು ತಮ್ಮ ಶಿವರಾಮ ಆಟ ಕಲಿತರು. ಪಾರ್ಸಿಗಳ ಕ್ರಿಕೆಟ್ ಕ್ಲಬ್ಬೊಂದರಲ್ಲಿ ಅಂಕಣ ಗುಡಿಸಿ ರೋಲರ್ ಎಳೆಯುವುದು ಬಾಲೂ ಅವರ ಮೊದಲ ಉದ್ಯೋಗ. ಸಂಬಳ ತಿಂಗಳಿಗೆ 3 ರೂಪಾಯಿ. ಬಳಿಕ ಐರೋಪ್ಯರ ಪೂನಾ ಕ್ಲಬ್ ಸೇರಿದಾಗ ಅದು 4 ರೂಪಾಯಿಯಾಯಿತು. ಅಲ್ಲಿ ನೆಟ್‌ ಅಭ್ಯಾಸದ ವೇಳೆ ಬಿಳಿಯ ಅಧಿಕಾರಿಗಳಿಗೆ ಚೆಂಡೆಸೆಯುವ ಕೆಲಸವೂ ಅವರ ಪಾಲಿಗೆ ಬಂತು. ಆ ಕಾಲದ ಹೆಸರಾಂತ ಬ್ಯಾಟ್ಸ್‌ಮನ್ ಜೆ.ಜಿ. ಗ್ರೇಗ್ ಉಳಿದವರಿಗಿಂತ ಮುಂಚಿತವಾಗಿಯೇ ಬಂದು ಬಾಲೂ ಅವರ ಎಡಗೈ ಸ್ಪಿನ್ ಎದುರಿಸುತ್ತಿದ್ದರು. ಪ್ರತಿ ಬಾರಿ ಔಟ್ ಮಾಡಿದಾಗಲೂ ಎಂಟಾಣೆ ಕೊಡುತ್ತಿದ್ದರೆಂಬ ಕಥೆಯೂ ಇದೆ. ಆದರೆ ಈ ಹುಡುಗನ ಕೈಗೆ ಬ್ಯಾಟು ಕೊಡುವ ಔದಾರ್ಯ ಮಾತ್ರ ಅಲ್ಲಿ ಯಾರಿಗೂ ಇರಲಿಲ್ಲ. ಕೂಲಿಗೆ ಚೆಂಡೆಸೆಯುವವನು ಬೇರೆ, ಆಡುವ ದೊರೆ ಬೇರೆ.

ಬಾಲೂ ಅವರ ಕೈಚಳಕದ ಸುದ್ದಿ ಪುಣೆಯ ಹಿಂದೂ ತಂಡದವರನ್ನು ಇಕ್ಕಟ್ಟಿಗೆ ಸಿಲುಕಿಸಿತು. ಐರೋಪ್ಯರನ್ನು ಸೋಲಿಸಲು ಅವರು ಬೇಕು. ಆದರೆ ಅವರೊಡನೆ ಆಡಿದರೆ ಮಡಿ ಕೆಡುತ್ತದೆ. ಕಡೆಗೆ ಗೆಲುವಿನ ಆಸೆಯೇ ಮೇಲಾಯಿತು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಬಾಲೂ ಅವರಿಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಲೋಟ. ಊಟಕ್ಕೂ ಪ್ರತ್ಯೇಕ ಜಾಗ.

1896ರ ಪ್ಲೇಗ್ ಹಾವಳಿಯ ನಂತರ ಅವರು ಮುಂಬಯಿ ಸೇರಿದರು. ಅಲ್ಲಿ ರೈಲ್ವೆಯಲ್ಲಿ ಕೆಲಸ ದೊರೆಯಿತು, ಹಿಂದೂ ಜಿಮ್ಖಾನಾ ತಂಡದಲ್ಲಿ ಸ್ಥಾನವೂ ಸಿಕ್ಕಿತು. 1906ರಲ್ಲಿ ಹಿಂದೂ ತಂಡ ಐರೋಪ್ಯರನ್ನು 109 ರನ್ನುಗಳಿಂದ ಮಣಿಸಿದಾಗ ಬಾಲೂ ಮತ್ತು ಶಿವರಾಮ ಇಬ್ಬರೂ ತಂಡದಲ್ಲಿದ್ದರು. ವಂಗಭಂಗದ ಬೇಗೆ ಆರದಿದ್ದ ಆ ದಿನಗಳಲ್ಲಿ ಆ ಜಯ ಬರಿಯ ಆಟದ ಜಯವಾಗಿ ಉಳಿಯಲಿಲ್ಲ.

ಅವರ ಬೌಲಿಂಗಿನ ಔನ್ನತ್ಯ ಕಂಡದ್ದು 1911ರ ಇಂಗ್ಲೆಂಡ್ ಪ್ರವಾಸದಲ್ಲಿ. ಪಟಿಯಾಲಾ ಮಹಾರಾಜ ಭೂಪಿಂದರ್ ಸಿಂಗ್ ಹೆಸರಿಗೆ ನಾಯಕರಾದರೂ ಔತಣಕೂಟಗಳಲ್ಲೇ ಅವರಿಗೆ ಹೆಚ್ಚು ಆಸಕ್ತಿ. ಅಖಿಲ ಭಾರತ ತಂಡ 23 ಪಂದ್ಯಗಳಲ್ಲಿ ಗೆದ್ದದ್ದು 6 ಮಾತ್ರ. ಅಂಥ ತಂಡದ ಪರವಾಗಿ ಮೂವತ್ತೈದರ ಬಾಲೂ ಭುಜದ ನೋವಿನ ನಡುವೆಯೂ 114 ವಿಕೆಟ್ ಉರುಳಿಸಿದರು. ಲೀಸ್ಟರ್‌ಷೈರ್ ವಿರುದ್ಧದ ಗೆಲುವಿನಲ್ಲಿ ಅವರೊಬ್ಬರ ಪಾಲೇ 11.

ಇಷ್ಟಾದರೂ ಹಿಂದೂ ತಂಡದ ನಾಯಕತ್ವಕ್ಕೆ ಅವರ ಹೆಸರು ಬಂದಾಗಲೆಲ್ಲ ಬೇರೊಬ್ಬರು ಆಯ್ಕೆಯಾದರು. 1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಬಹಿರಂಗವಾಗಿ ಪ್ರತಿಭಟಿಸಿ ಹೊರಗುಳಿದರು. ವಿವಾದ ಪತ್ರಿಕೆಗಳಿಗೂ ಹಬ್ಬಿತು. ಮಣಿದ ಆಯ್ಕೆಗಾರರು ಅಂತಿಮ ಪಂದ್ಯಕ್ಕೆ ಬಾಲೂ ಅವರನ್ನು ಉಪನಾಯಕರನ್ನಾಗಿ ಕರೆತಂದರು. ನಾಯಕ ಪೈ ಮೈದಾನ ಬಿಟ್ಟ ಹೊತ್ತಿನಲ್ಲಿ ತಂಡವನ್ನು ನಡೆಸುವ ಅವಕಾಶ ಅವರಿಗೆ ದೊರೆಯಿತು, ಅಷ್ಟೆ. ಸರಿಸುಮಾರು ಅದೇ ಹೊತ್ತಿಗೆ, 1921ರಲ್ಲಿ, ಅಮೆರಿಕದ ವೃತ್ತಿಪರ ಫುಟ್‌ಬಾಲಿನ ಆರಂಭದ ತಂಡಗಳಲ್ಲೊಂದಾದ ಆಕ್ರನ್ ಪ್ರೋಸ್, ಕಪ್ಪು ಜನಾಂಗದ ಫ್ರಿಟ್ಜ್ ಪೊಲಾರ್ಡ್ ಅವರನ್ನು ತರಬೇತುದಾರರಲ್ಲೊಬ್ಬರನ್ನಾಗಿ ಮಾಡಿತ್ತು. ಅಲ್ಲಿಯೂ ಆ ಬಾಗಿಲು ಬಹುಕಾಲ ತೆರೆದಿರಲಿಲ್ಲವೆನ್ನಿ. 1934ರಿಂದ 1945ರವರೆಗೆ ಆ ಲೀಗಿನಲ್ಲಿ ಕಪ್ಪು ಆಟಗಾರರೇ ಇರಲಿಲ್ಲ.

1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು, ಐರೋಪ್ಯರ ವಿರುದ್ಧ ಗೆದ್ದರು. ಅಣ್ಣನಿಗೆ ಸಲ್ಲಬೇಕಿದ್ದದ್ದು ತಮ್ಮನಿಗೆ ಸಂದಿತು. ಬಾಲೂ ಅವರ ದಾಖಲೆ ಹೀಗಿದೆ: 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಸರಾಸರಿ 15.21.

ಆಟದ ನಂತರ ರಾಜಕೀಯ. ಯುವಕ ಅಂಬೇಡ್ಕರರಿಗೆ ಒಂದು ಕಾಲಕ್ಕೆ ಆದರ್ಶವಾಗಿದ್ದ ಬಾಲೂ, ಪ್ರತ್ಯೇಕ ಮತಕ್ಷೇತ್ರದ ವಿಷಯದಲ್ಲಿ ಅವರಿಂದ ದೂರ ಸರಿದು ಗಾಂಧೀಜಿಯ ಪಕ್ಷ ವಹಿಸಿದರು. 1937ರ ಮುಂಬಯಿ ಶಾಸನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರರ ಎದುರಿಗೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತ, ಬಾಲೂ ಅವರಿಗೆ 11,225. ದಲಿತ ನಾಯಕನ ಎದುರು ದಲಿತ ವೀರನನ್ನೇ ಹೂಡಿದ ಆ ತಂತ್ರ ಫಲಿಸಲಿಲ್ಲ. ಬಾಲೂ ಮುಂಬಯಿಯಲ್ಲಿ ಕೊನೆಯುಸಿರೆಳೆದದ್ದು 1955ರ ಜುಲೈ 4ರಂದು.